ಬಾವು ಇಳಿದರೂ ಮೊಲೆ ಗಟ್ಟಿ ಏಕೆ?



ಕೆಚ್ಚಲು ಬಾವಿಗೆ ಚಿಕಿತ್ಸೆ ಮಾಡಿಸಿ ನೋವು, ಜ್ವರ ಇಳಿದ ಮೇಲೂ ಒಂದು ಮೊಲೆಯ ಭಾಗ ಗಟ್ಟಿಯಾಗಿಯೇ ಉಳಿದು ಹಾಲು ಕಡಿಮೆಯಾಗುವುದನ್ನು ಮಮದಾಪುರ, ಬಬಲೇಶ್ವರ ಭಾಗದ ಉತ್ಪಾದಕರು ಕಂಡಿರುತ್ತೀರಿ. ಸೂಜಿ ಮಾಡಿಸಿದರೂ ಹಾಲು ಏಕೆ ಮರಳುವುದಿಲ್ಲ ಎಂಬುದಕ್ಕೆ ಉತ್ತರ ಕೆಚ್ಚಲಿನ ಒಳರಚನೆಯಲ್ಲಿದೆ.

ಒಂದೇ ಬಗೆಯ ಕೆಲಸ ಮಾಡುವ ಜೀವಕೋಶಗಳ ಗುಂಪಿಗೆ ಅಂಗಾಂಶ ಎನ್ನುತ್ತಾರೆ. ಅನುಲೇಪಕ, ಸಂಯೋಜಕ, ಸ್ನಾಯು, ನರ ಎಂದು ಅದರಲ್ಲಿ ನಾಲ್ಕು ಬಗೆ. ನಮಗಿಲ್ಲಿ ಬೇಕಾದವು ಮೊದಲೆರಡು. ಕೆಚ್ಚಲಿನ ತುಂಬ ತೀರ ಚಿಕ್ಕ ಹಾಲಿನ ಚೀಲಗಳಿವೆ. ಅವುಗಳ ಒಳಗೋಡೆ ಒಂದೇ ಸಾಲು ಅನುಲೇಪಕ ಕೋಶಗಳದ್ದು. ರಕ್ತದಿಂದ ಸತ್ವ ಪಡೆದು ಹಾಲು ತಯಾರಿಸುವುದು ಈ ಸಾಲು ಮಾತ್ರ.

ಚೀಲಗಳ ನಡುವೆ ಹಂದರದಂತೆ ನಿಂತಿರುವುದು ಸಂಯೋಜಕ ಅಂಗಾಂಶ. ಇದರ ಮುಖ್ಯ ಸಸಾರಜನಕ ಕೊಲಾಜೆನ್. ಮೂರು ಎಳೆ ಹೊಸೆದ ಹಗ್ಗದಂತೆ ಬಿಗಿ, ಎಳೆದರೆ ಹಿಗ್ಗದು. ಹದ ಮಾಡಿದ ಚರ್ಮದಲ್ಲಿ ಉಳಿಯುವುದು ಇದೇ; ಚರ್ಮ, ಮೂಳೆ ಕುದಿಸಿದಾಗ ಅಂಟಾಗುವುದೂ ಇದೇ. ಇನ್ನೊಂದು ಇಲಾಸ್ಟಿನ್, ರಬ್ಬರಿನ ಗುಣದ್ದು. ಕೆಚ್ಚಲನ್ನು ನಡುವೆ ಎತ್ತಿ ಹಿಡಿದ ಪಟ್ಟಿಯಲ್ಲಿ ಇದು ಹೆಚ್ಚು. ಅದಕ್ಕೇ ಹಾಲು ತುಂಬಿದಾಗ ಪಟ್ಟಿ ಹಿಗ್ಗಿ, ಕರೆದ ಮೇಲೆ ಕುಗ್ಗುತ್ತದೆ.

ಇದೆಲ್ಲ ಕಂಡದ್ದು ಹೇಗೆ? ಅಂಗಾಂಶದ ತುಣುಕನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಸಾವಿರದಲ್ಲಿ ಸುಮಾರು 5 ಭಾಗದಷ್ಟು ತೆಳ್ಳಗೆ ಕೊಯ್ಯುತ್ತಾರೆ. ಆದರೆ ಅಷ್ಟು ತೆಳುವಾದ ಪದರ ಸೂಕ್ಷ್ಮದರ್ಶಕದಡಿ ಬಣ್ಣವಿಲ್ಲದ ಗಾಜಿನಂತೆ. ಹತ್ತಿಯ ಒಡಲಿಗೆ ರೇಷ್ಮೆ ಸೆರಗು ಕೂಡಿಸುವ ಇಳಕಲ್ಲಿನ ನೇಕಾರರಿಗೆ ಗೊತ್ತು, ಒಂದು ನೂಲು ಹಿಡಿದ ಬಣ್ಣವನ್ನು ಇನ್ನೊಂದು ಹಾಗೆಯೇ ಹಿಡಿಯುವುದಿಲ್ಲ. ಅಂಗಾಂಶದ ಮಾತೂ ಅಷ್ಟೇ. ಅಮೆರಿಕ ಖಂಡದ ಒಂದು ಮರದ ತಿರುಳಿನಿಂದ ಬರುವ ಹಿಮಟಾಕ್ಸಿಲಿನ್ ಬಣ್ಣ ಪಟಿಕದ ಜೊತೆ ಸೇರಿ ಕೋಶಕೇಂದ್ರಗಳನ್ನು ನೀಲಿ ಮಾಡುತ್ತದೆ. ಇಯೋಸಿನ್ ಕೊಲಾಜೆನನ್ನು ಗುಲಾಬಿ ಮಾಡುತ್ತದೆ.

ಆರೋಗ್ಯದ ಕೆಚ್ಚಲಿನಲ್ಲಿ ಹಾಲು ಕೊಡುವ ಕಾಲದಲ್ಲಿ ನೀಲಿ ಚುಕ್ಕೆಗಳ ಉಂಗುರಗಳೇ ಹೆಚ್ಚು, ನಡುವಿನ ಗುಲಾಬಿ ಎಳೆ ತೆಳು. ಬಾವು ಬಹುದಿನ ಉಳಿದ ಭಾಗದಲ್ಲಿ ಉಂಗುರಗಳು ಅಳಿದು ಗುಲಾಬಿಯೇ ಹಬ್ಬಿರುತ್ತದೆ. ಸತ್ತ ಕೋಶಗಳ ಜಾಗವನ್ನು ದೇಹ ಕೊಲಾಜೆನ್‌ನಿಂದ ತುಂಬಿಸಿದೆ. ಕೈಗೆ ಗಟ್ಟಿ ಹತ್ತುವುದು ಇದೇ. ಔಷಧ ರೋಗಾಣುವನ್ನು ಕೊಲ್ಲುತ್ತದೆ, ಈ ಹಗ್ಗವನ್ನು ಕರಗಿಸುವುದಿಲ್ಲ. ತಿಕ್ಕಿದರೂ, ಬಿಸಿ ಶಾಖ ಕೊಟ್ಟರೂ ಅಲ್ಲಿ ಹಾಲಿನ ಚೀಲ ಮರಳದು.

ಆದ್ದರಿಂದ ಚಿಕಿತ್ಸೆ ಗಡ್ಡೆ ಕಟ್ಟುವ ಮೊದಲೇ ಆಗಬೇಕು. ಪ್ರತಿ ಹೊತ್ತು ಮೊದಲ ಹಿಂಡುಗಳನ್ನು ಕಪ್ಪು ತಟ್ಟೆಯಲ್ಲಿ ಹಿಡಿದು ಗರಣೆ ಇದೆಯೇ ನೋಡಿ. ಕಣ್ಣಿಗೆ ಕಾಣದ ಬಾವನ್ನು ಸಿ.ಎಂ.ಟಿ. ಪರೀಕ್ಷೆ ತೋರಿಸುತ್ತದೆ. ದ್ರಾವಣ ಬೆರೆಸಿದಾಗ ಹಾಲು ಲೋಳೆಯಾಗುವುದು, ಬಾವಿನಿಂದ ಹಾಲಿಗಿಳಿದ ಕೋಶಗಳ ಕೇಂದ್ರದ ವಸ್ತುವಿನಿಂದ; ಹಿಮಟಾಕ್ಸಿಲಿನ್ ನೀಲಿ ಮಾಡುವುದೂ ಅದನ್ನೇ. ಲೋಳೆ ಕಂಡರೆ ಅಂದೇ ಪಶುವೈದ್ಯರಿಗೆ ತಿಳಿಸಿ. ಔಷಧ ಕೊಟ್ಟ ಪಶುವಿನ ಹಾಲನ್ನು ಅವರು ಹೇಳಿದಷ್ಟು ದಿನ ಸಂಘಕ್ಕೆ ಹಾಕಬೇಡಿ.