ಬಿ.ಸಿ.ರೋಡಿನ ನಕ್ಷೆಯೂ ಒಂದು ಗುಟ್ಟಾಗಿತ್ತು

ಬಿ.ಸಿ.ರೋಡಿನ ಫ್ಲೈಓವರ್ ಪಕ್ಕ ನಿಂತು ನಮ್ಮಲ್ಲೊಬ್ಬ ಮೊಬೈಲಿನಲ್ಲಿ ಜಿಪಿಎಸ್ ಆ್ಯಪ್ ತೆರೆದ. ಎತ್ತರ ಅಂತ ಬರೆದಿದ್ದ ಕಡೆ ಮೈನಸ್ ಅರವತ್ತು ಚಿಲ್ಲರೆ ಮೀಟರ್ ಬಂತು. ಮುಚ್ಚಿ ಮತ್ತೆ ತೆರೆದ, ಪುನಃ ಅದೇ. ಇದನ್ನೆಲ್ಲ ನೋಡ್ತಾ ನಿಂತಿದ್ದ ರಿಕ್ಷಾದ ಅಣ್ಣ ಕೇಳಿದರು: "ಎಂತ, ನಾವೆಲ್ಲ ಸಮುದ್ರದ ಅಡಿಯಲ್ಲಿ ಉಂಟಾ ಮಾರಾಯ್ರೆ?"

ಫೋನು ಸುಳ್ಳು ಹೇಳಿರಲಿಲ್ಲ. ಜಿಪಿಎಸ್‌ಗೆ ಸಮುದ್ರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಡಬ್ಲ್ಯುಜಿಎಸ್-84 ಎಂಬ ಗಣಿತದ ಭೂಮಿ, ಅಂದರೆ ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾದ ನುಣುಪು ಚೆಂಡು. ನಿಜವಾದ ಸಮುದ್ರಮಟ್ಟ ಗುರುತ್ವಾಕರ್ಷಣೆ ಎಳೆದ ಹಾಗೆ ಏರಿಳಿಯುತ್ತದೆ, ಅದಕ್ಕೆ ಜಿಯಾಯ್ಡ್ ಅನ್ನುತ್ತಾರೆ. ಹಿಂದೂ ಮಹಾಸಾಗರದಲ್ಲಿ, ಶ್ರೀಲಂಕಾದ ದಕ್ಷಿಣಕ್ಕೆ, ಈ ಜಿಯಾಯ್ಡ್ ಲೆಕ್ಕದ ಚೆಂಡಿಗಿಂತ 106 ಮೀಟರ್ ಕೆಳಗಿದೆ. ಇಡೀ ಭೂಮಿಯಲ್ಲೇ ಅದು ಅತ್ಯಂತ ತಗ್ಗು. ಅದು ಯಾಕೆ ಹಾಗಾಯಿತು ಅಂತ ಬೆಂಗಳೂರಿನ ಐಐಎಸ್‌ಸಿಯವರು 2023ರಲ್ಲಿ ಒಂದು ವಿವರಣೆ ಕೊಟ್ಟಿದ್ದಾರೆ, ಆಸಕ್ತಿ ಇದ್ದವರು ಹುಡುಕಿ ಓದಿ. ಆ ತಗ್ಗಿನ ಇಳಿಜಾರಲ್ಲೇ ನಮ್ಮ ಕರಾವಳಿಯೂ ಇರುವುದರಿಂದ ಇಲ್ಲಿ ಸಮುದ್ರವೇ ಹತ್ತಿರಹತ್ತಿರ 80–90 ಮೀಟರ್ ಮೈನಸ್. ಬಿ.ಸಿ.ರೋಡ್ ಆ ಸಮುದ್ರಕ್ಕಿಂತ ಮೇಲಿದ್ದರೂ ಚೆಂಡಿಗಿಂತ ಕೆಳಗೇ. ಹಲವು ಆ್ಯಪ್‌ಗಳು ಈ ಲೆಕ್ಕ ಸರಿಮಾಡಿ ತೋರಿಸುತ್ತವೆ. ನಮ್ಮವನ ಆ್ಯಪ್ ಮಾಡಿರಲಿಲ್ಲ, ಅಷ್ಟೇ. ರಿಕ್ಷಾದ ಅಣ್ಣನಿಗೆ ಇದನ್ನು ಕನ್ನಡದಲ್ಲಿ ವಿವರಿಸುವುದಕ್ಕೆ ನಮಗೆ ಕಾಲು ಗಂಟೆ ಬೇಕಾಯಿತು. ಆಮೇಲೆ ಅವರೇ ಹೇಳಿದ್ದು: "ಅಂದ್ರೆ ಸೊನ್ನೆ ಎಲ್ಲಿ ಇಡುದು ಅನ್ನುದೇ ಗಲಾಟೆ." ಎರಡು ಸೆಮಿಸ್ಟರ್ ಸರ್ವೇಯಿಂಗ್ ಓದಿದ ನಾವು ಇಷ್ಟು ಚುಟುಕಾಗಿ ಯಾವ ಪರೀಕ್ಷೆಯಲ್ಲೂ ಬರೆದಿಲ್ಲ.

ನಾವು ಅಲ್ಲಿಗೆ ಹೋಗಿದ್ದು ನೆರೆಯ ಲೆಕ್ಕ ಹಾಕಲಿಕ್ಕೆ. ಪ್ರತಿ ಮಳೆಗಾಲದಲ್ಲಿ ಪೇಪರಿನಲ್ಲಿ ಒಂದು ಸಾಲು ಬರುತ್ತದೆ: ಬಂಟ್ವಾಳದಲ್ಲಿ ನೇತ್ರಾವತಿ ಇಷ್ಟು ಮೀಟರ್, ಅಪಾಯದ ಮಟ್ಟ 8.5 ಮೀಟರ್. ಸರಿ, 8.5 ಆಯಿತು ಅಂತ ಇಟ್ಟುಕೊಳ್ಳಿ. ಆಗ ನೀರು ಯಾರ ಅಂಗಳಕ್ಕೆ ಬರುತ್ತದೆ? 9 ಆದರೆ? 1923ರ ಮಾರಿಬೊಳ್ಳ ಮತ್ತು 1974ರ ನೆರೆ, ಎರಡರ ಮಾತೂ ಬಂಟ್ವಾಳದ ಹಳೆ ಮನೆಗಳಲ್ಲಿ ಇನ್ನೂ ಉಂಟು. ಆದರೆ ನದಿಯ ಅಳತೆಕೋಲಿನ ಸಂಖ್ಯೆಯನ್ನು ಮನೆಯ ಮೆಟ್ಟಿಲಿಗೆ ತಂದು ಮುಟ್ಟಿಸಬೇಕಾದರೆ ನಡುವೆ ಒಂದು ಕಾಂಟೂರ್ ನಕ್ಷೆ ಬೇಕು. ಅದನ್ನು ಹುಡುಕಲು ಹೊರಟಾಗ ಸಿಕ್ಕಿದ್ದೇ ಈ ಲೇಖನದ ವಿಷಯ.

ಸರ್ವೇ ಆಫ್ ಇಂಡಿಯಾದ ಹಳೆಯ ಲೆಕ್ಕದಲ್ಲಿ ನಮ್ಮೂರಿನ ಹಾಳೆ 48ಪಿ/1. ಬಿ.ಸಿ.ರೋಡಿನಿಂದ ಸ್ವಲ್ಪವೇ ಪಶ್ಚಿಮಕ್ಕೆ 75 ಡಿಗ್ರಿ ರೇಖಾಂಶ ಹಾದುಹೋಗುತ್ತದೆ. ಅದರಾಚೆ 48ಎಲ್, ಮಂಗಳೂರಿನ ಹಾಳೆ. 1:50,000 ಪ್ರಮಾಣ, ಅಂದರೆ ಹಾಳೆಯ ಮೇಲಿನ 2 ಸೆಂಟಿಮೀಟರ್ ನೆಲದ ಮೇಲೆ 1 ಕಿಲೋಮೀಟರ್. ತೋಟ, ಗುಡ್ಡ, ತೋಡು, ದೇವಸ್ಥಾನ, ಮಸೀದಿ, ಇಗರ್ಜಿ ಎಲ್ಲವೂ ಅದರಲ್ಲಿ ಉಂಟು. ಮತ್ತು ಬಹಳ ಕಾಲ ಈ ಹಾಳೆ 'ನಿರ್ಬಂಧಿತ' ವರ್ಗದ್ದಾಗಿತ್ತು! ದೇಶದ ಗಡಿ ಮತ್ತು ಕಡಲ ತೀರದಿಂದ ಒಳಗೆ ಸುಮಾರು 80 ಕಿಲೋಮೀಟರ್ ಅಗಲದ ಪಟ್ಟಿಯ ವಿವರವಾದ ನಕ್ಷೆಗಳೆಲ್ಲ ಆ ವರ್ಗಕ್ಕೆ ಸೇರಿದ್ದವು. ಕಡಲಿಂದ ಚಾರ್ಮಾಡಿ ಘಾಟಿಯವರೆಗೆ ಅಳೆದು ನೋಡಿ. ಬಹುಮಟ್ಟಿಗೆ ಇಡೀ ದಕ್ಷಿಣ ಕನ್ನಡ ಅದರೊಳಗೇ ಬಂತು. ಬೆಂಗಳೂರಿನ ವಿದ್ಯಾರ್ಥಿ ತನ್ನೂರಿನ ಹಾಳೆಯನ್ನು ಕೌಂಟರಿನಲ್ಲಿ ದುಡ್ಡು ಕೊಟ್ಟು ತರಬಹುದಿತ್ತು. ಬಂಟ್ವಾಳದವನಿಗೆ ಅರ್ಜಿ, ಮುಖ್ಯಸ್ಥರ ಸಹಿ, ಜೋಪಾನ ಮಾಡುತ್ತೇವೆ ಎಂಬ ಮುಚ್ಚಳಿಕೆ ಬೇಕು. ಒಂದು ಕಾಲೇಜಿನ ಹಳೆ ಸೀನಿಯರ್ ಹೇಳಿದ್ದು: ಅವರಲ್ಲಿ ಹಾಳೆ ಬೀರುವಿನಲ್ಲಿತ್ತು, ಬೀಗದ ಕೈ ರಜೆಯಲ್ಲಿತ್ತು.

ಈ ಗುಟ್ಟಿನ ಬೇರು ಹಳೆಯದು. ನಕ್ಷೆ ನಮ್ಮಲ್ಲಿ ಆಳುವವರ ಸಾಮಾನಾಗಿಯೇ ಹುಟ್ಟಿದ್ದು. 1799ರಲ್ಲಿ ಟಿಪ್ಪು ಬಿದ್ದ ಕೂಡಲೇ ಮೈಸೂರಿನ ಸರ್ವೇ ಶುರು. 1802ರಲ್ಲಿ ಮದರಾಸಿನಿಂದ ಲ್ಯಾಂಬ್ಟನ್ ತ್ರಿಕೋನ ಎಳೆಯತೊಡಗಿ ನಮ್ಮ ಮಂಗಳೂರಿನ ಕಡಲಿಗೆ ತಲುಪಿದಾಗ, ಪರ್ಯಾಯ ದ್ವೀಪದ ಅಗಲ 400 ಮೈಲಿ ಅಂದುಕೊಂಡದ್ದು ಬರೇ 360 ಮೈಲಿ ಅಂತ ಗೊತ್ತಾಯಿತು. ಹಳೆ ನಕ್ಷೆಯಲ್ಲಿ 40 ಮೈಲಿ ಗಾಳಿ! ಆಮೇಲೆ ಬಂದದ್ದು ಅಧಿಕೃತ ರಹಸ್ಯ ಕಾಯ್ದೆ, ವೈರಿಗೆ ಉಪಯೋಗವಾಗುವ ರೇಖಾಚಿತ್ರ ಬರೆಯುವುದೂ ಅದರಡಿ ಅಪರಾಧ. ಅದರ ಇಸವಿ 1923, ಮಾರಿಬೊಳ್ಳ ಬಂದ ವರ್ಷವೇ. ಕಾಕತಾಳೀಯ, ಗೊತ್ತು, ಆದರೂ ನಮ್ಮೊಳಗೆ ಎರಡು ದಿನ ಇದೇ ತಮಾಷೆ ನಡೆಯಿತು.

ಗುಟ್ಟು ಯಾರಿಂದ ಅನ್ನುವುದೇ ಪ್ರಶ್ನೆ. ಅಮೆರಿಕದ ಸೇನೆ 1950ರ ದಶಕದಲ್ಲಿ ಭಾರತದ ನಕ್ಷೆಗಳ ಒಂದು ಸರಣಿಯನ್ನೇ ಅಚ್ಚು ಹಾಕಿತ್ತು. ಅವು ಇವತ್ತು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. 2000ದ ಫೆಬ್ರವರಿಯಲ್ಲಿ ನಾಸಾದ ಎಂಡೆವರ್ ಷಟಲ್ 11 ದಿನ ಸುತ್ತಿ, ರಾಡಾರಿನಿಂದ ಭೂಮಿಯ ಬಹುಭಾಗದ ಎತ್ತರ ಅಳೆದು ಜಗತ್ತಿಗೇ ಹಂಚಿತು. 2005ರಲ್ಲಿ ಗೂಗಲ್ ಅರ್ತ್ ಬಂತು, ಪಾಣೆಮಂಗಳೂರಿನ ಸೇತುವೆ ಯಾರ ಮನೆಯ ಕಂಪ್ಯೂಟರಿನಲ್ಲೂ ಕಾಣತೊಡಗಿತು. ಬೀರುವಿನ ಬೀಗ ಮಾತ್ರ ಹಾಗೇ ಇತ್ತು. ವೈರಿಗೆ ಕಾಣುತ್ತಿದ್ದದ್ದು ನಮ್ಮ ಸಿವಿಲ್ ವಿಭಾಗಕ್ಕೆ ಕಾಣುತ್ತಿರಲಿಲ್ಲ.

ಇನ್ನೂ ನಗು ಬರುವುದು ರೈಲ್ವೆಯವರದ್ದು. ನಿಲ್ದಾಣದ ಹಳದಿ ಫಲಕದ ಮೇಲೆ ಊರಿನ ಹೆಸರಿನ ಜತೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತಲೂ ಬರೆಯುವುದು ಭಾರತೀಯ ರೈಲ್ವೆಯ ಹಳೆ ರೂಢಿ. ಒಂದು ಇಲಾಖೆ ಬೀರುವಿನಲ್ಲಿಟ್ಟದ್ದನ್ನು ಇನ್ನೊಂದು ಇಲಾಖೆ ಪ್ಲಾಟ್‌ಫಾರ್ಮಿನಲ್ಲಿ ನೇತು ಹಾಕಿತ್ತು.

ಹಾಗಂತ ಗುಟ್ಟೆಲ್ಲ ಮೂರ್ಖತನ ಅಂತ ನಾವು ಹೇಳುವುದಿಲ್ಲ. ಇದೇ ಕರಾವಳಿಯಲ್ಲಿ ಕಾರವಾರದ ನೌಕಾನೆಲೆ ಉಂಟು, ಮಂಗಳೂರಲ್ಲೂ ಪಾದೂರಲ್ಲೂ ನೆಲದಡಿ ಕಚ್ಚಾತೈಲದ ಸಂಗ್ರಹ ಉಂಟು. ಗೂಗಲ್ ಅರ್ತ್ ಬಂದ ವರ್ಷ ಅದರ ಬಗ್ಗೆ ಆತಂಕ ಹೇಳಿದ್ದು ಯಾರೋ ಗುಮಾಸ್ತರಲ್ಲ, ರಾಷ್ಟ್ರಪತಿ ಕಲಾಂ. ಕ್ಷಿಪಣಿ ಕಟ್ಟಿದವರಿಗೆ ಆ ಭಯದ ಅರ್ಥ ಗೊತ್ತಿತ್ತು. ನಮ್ಮ ತಕರಾರು ಇಷ್ಟೇ: ಒಂದು ನೌಕಾನೆಲೆಯ ವಿವರ ಮುಚ್ಚುವುದು ಬೇರೆ, 80 ಕಿಲೋಮೀಟರ್ ಅಡಿಕೆ ತೋಟ ಮುಚ್ಚುವುದು ಬೇರೆ.

ಬೀಗ ತೆಗೆದದ್ದೂ ಒಂದೇ ಸಲಕ್ಕಲ್ಲ. 2005ರ ರಾಷ್ಟ್ರೀಯ ನಕ್ಷೆ ನೀತಿ ಸೇನೆಗೊಂದು ಸರಣಿ, ಜನರಿಗೊಂದು ಮುಕ್ತ ಸರಣಿ ಅಂತ ಬೇರೆ ಮಾಡಿತು. ಆದರೆ 2011ರಲ್ಲಿ ಬೆಂಗಳೂರಿನಲ್ಲಿ ಸ್ಟ್ರೀಟ್ ವ್ಯೂ ಕಾರುಗಳನ್ನು ಪೊಲೀಸರು ನಿಲ್ಲಿಸಿದರು. 2013ರಲ್ಲಿ ಗೂಗಲ್ ನಡೆಸಿದ ನಕ್ಷೆ ಸ್ಪರ್ಧೆಯ ಮೇಲೆ ದೂರು ಹೋಯಿತು. 2016ರ ಕರಡು ಮಸೂದೆಯಲ್ಲಂತೂ ದಂಡ 100 ಕೋಟಿ ರೂಪಾಯಿವರೆಗೆ, ಜೈಲು 7 ವರ್ಷದವರೆಗೆ! ಅದು ಮೂಲೆಗೆ ಸರಿಯಿತು. 2017ರಲ್ಲಿ ಸರ್ವೇ ಆಫ್ ಇಂಡಿಯಾವೇ ಮುಕ್ತ ಸರಣಿಯ ಹಾಳೆಗಳನ್ನು ಆಧಾರ್ ಸಂಖ್ಯೆ ಪಡೆದು ಉಚಿತವಾಗಿ ಡೌನ್‌ಲೋಡಿಗೆ ಇಟ್ಟಿತು. ಪೋರ್ಟಲಿನ ಹೆಸರು 'ನಕ್ಷೆ', ಅಕ್ಷರಶಃ ನಮ್ಮದೇ ಮಾತು. ಕೊನೆಗೆ 2021ರ ಫೆಬ್ರವರಿ 15ರ ಮಾರ್ಗಸೂಚಿ ಬಂತು. ಅದರ ಪ್ರಕಾರ ಭಾರತೀಯರು ನಕ್ಷೆ ಮಾಡಲು ಮೊದಲೇ ಅನುಮತಿ ಕೇಳಬೇಕಾಗಿಲ್ಲ. ಅಡ್ಡಕ್ಕೆ 1 ಮೀಟರ್, ಎತ್ತರಕ್ಕೆ 3 ಮೀಟರ್, ಇದಕ್ಕಿಂತ ಸೂಕ್ಷ್ಮವಾದ ದತ್ತಾಂಶ ಮಾತ್ರ ಭಾರತೀಯರ ಕೈಯಲ್ಲೇ, ಭಾರತದಲ್ಲೇ ಇರಬೇಕು. ಅಂದರೆ ನಮ್ಮ ಲ್ಯಾಬಿನ ಆಟೋ ಲೆವೆಲ್ ಹೊತ್ತುಕೊಂಡು ಹೋಗಿ ಸೆಂಟಿಮೀಟರ್ ಲೆಕ್ಕದಲ್ಲಿ ಬಂಟ್ವಾಳ ಪೇಟೆಯನ್ನು ಅಳೆದರೆ ಈಗ ಅದು ತಪ್ಪಲ್ಲ. (ಕಾಯುತ್ತಿದ್ದ ಸಂಸ್ಥೆಗಳಿಗೆ ಇದರಿಂದ ಲಾಭ ಆಯಿತು ಅಂತ ಟೀಕೆ ಮಾಡುವವರಿದ್ದಾರೆ. ಆಗಲಿ, ನಮಗೂ ಆಯಿತಲ್ಲ.)

ಇಷ್ಟೆಲ್ಲ ಆದ ಮೇಲೆ ಹಾಳೆ ತೆರೆದು ನೋಡಿದರೆ ಸಪ್ಪೆಯಾಯಿತು. 1:50,000 ಹಾಳೆಯಲ್ಲಿ ಕಾಂಟೂರ್ ಗೆರೆಗಳ ನಡುವಿನ ಅಂತರ 20 ಮೀಟರ್. ಅರ್ಧ ಮೀಟರ್ ನೀರಿಗೆ ಮನೆ ಬಿಡಬೇಕಾ ಇರಬೇಕಾ ಅಂತ ಕೇಳುವವನಿಗೆ ಆ ಗೆರೆ ಏನು ಹೇಳೀತು? ನಾಸಾದ ದತ್ತಾಂಶಕ್ಕೆ ಹೋದೆವು. ಆ ರಾಡಾರಿಗೆ ಅಡಿಕೆ, ತೆಂಗಿನ ಮರದ ಚಂಡೆಯೂ ನೆಲದ ಹಾಗೆಯೇ ಕಾಣುತ್ತದೆ. ನಮ್ಮ ಊರಿನಲ್ಲಿ ಮರವಿಲ್ಲದ ನೆಲ ಎಷ್ಟು ಉಂಟು ಹೇಳಿ. ಹೊಳೆ ಬದಿಯ ತೋಟವೊಂದು ನಮ್ಮ ಲ್ಯಾಪ್‌ಟಾಪಿನಲ್ಲಿ ಗುಡ್ಡೆಯಾಗಿ ಎದ್ದು ನಿಂತಿತ್ತು.

ಗೂಡಿನಬಳಿಯಲ್ಲಿ ಒಬ್ಬರು ಅಜ್ಜ ಸಿಕ್ಕಿದರು. ನಾವು ಲ್ಯಾಪ್‌ಟಾಪ್ ತೋರಿಸಿದೆವು, ಅವರು ಕೈ ತೋರಿಸಿದರು. "ಅದು ಬೈಲು ಮಗಾ, ಅಲ್ಲಿ ನೀರು ಬರ್ತದೆ. ಅದರ ಮೇಲಿದ್ದದ್ದು ಮಜಲು, ಅಲ್ಲಿ ದೊಡ್ಡ ನೆರೆಗೆ ಮಾತ್ರ. ಬೆಟ್ಟಿಗೆ ಬರುದಿಲ್ಲ." ತುಳುನಾಡಿನ ಗದ್ದೆಯ ಲೆಕ್ಕ ಇದು. ತಗ್ಗಿನಲ್ಲಿ ನೀರು ನಿಲ್ಲುವ ಗದ್ದೆ ಬೈಲು, ನಡುವಿನ ಮೆಟ್ಟಿಲು ಮಜಲು, ಮಳೆಯನ್ನೇ ನಂಬಿದ ಎತ್ತರದ ಗದ್ದೆ ಬೆಟ್ಟು. ಮದರಾಸು ಸರ್ಕಾರದ ಕಂದಾಯ ಲೆಕ್ಕದಲ್ಲೂ ಈ ಮೂರು ವರ್ಗ ಇತ್ತು. ಘಟ್ಟದ ಮೇಲಿನಿಂದ ಬಂದ ಗೆಳೆಯರು ಜಕ್ರಿಬೆಟ್ಟಿನಲ್ಲಿ ಇಳಿದು ಬೆಟ್ಟ ಎಲ್ಲಿ ಅಂತ ಹುಡುಕುವುದುಂಟು. ಅಲ್ಲಿ ಬೆಟ್ಟ ಇಲ್ಲ, ಬೆಟ್ಟು ಉಂಟು. 'ಪದವು' ಅಂದರೆ ಮುರಕಲ್ಲಿನ ಎತ್ತರದ ಬಯಲು, 'ಕೋಡಿ' ಅಂದರೆ ತುದಿ. ನಿರ್ಬಂಧಿತ ಹಾಳೆಯಲ್ಲಿ ಇಲ್ಲದ ಕಾಂಟೂರ್ ಗೆರೆ ಬಸ್ಸಿನ ಕಂಡಕ್ಟರ್ ಕೂಗುವ ಹೆಸರಿನಲ್ಲಿ ಉಂಟು!

ಆದರೆ ಆ ಹೆಸರು ನಕ್ಷೆಗೆ ಬರುವಾಗ ಏನಾಗುತ್ತದೆ ನೋಡಿ. ನಮ್ಮ ಕಡೆ ಸಜಿಪಮೂಡ, ಸಜಿಪಪಡು, ಸಜಿಪನಡು ಅಂತ ಊರುಗಳಿವೆ, ಅಂದರೆ ಮೂಡಣದ್ದು, ಪಡುವಣದ್ದು, ನಡುವಿನದ್ದು. ದಿಕ್ಕು ಹೆಸರಿನಲ್ಲೇ ಉಂಟು. ಇಂಗ್ಲಿಷ್ ಅಕ್ಷರದಲ್ಲಿ ನಡು ಮತ್ತು ನಾಡು ಎರಡಕ್ಕೂ ಒಂದೇ ಸ್ಪೆಲ್ಲಿಂಗ್, ಪಡು ಮತ್ತು ಪಾಡು ಕೂಡ ಹಾಗೇ. ಆ ಇಂಗ್ಲಿಷಿನಿಂದ ಯಂತ್ರ ಮತ್ತೆ ಕನ್ನಡಕ್ಕೆ ತಂದರೆ ನಡು ಹೋಗಿ ನಾಡಾಗುತ್ತದೆ, ದಿಕ್ಕು ಅಳಿಸಿಹೋಗುತ್ತದೆ. ಬಿ.ಸಿ.ರೋಡನ್ನೇ ತೆಗೆದುಕೊಳ್ಳಿ: ಕಂದಾಯದ ಕಾಗದದಲ್ಲಿ ಬಿ.ಮೂಡ, ರೈಲ್ವೆಗೆ ಬಂಟ್ವಾಳ, ಬಸ್ಸಿನವನಿಗೆ ಬಿ.ಸಿ.ರೋಡ್. ಆ ಹೆಸರು 'ಬಂಟ್ವಾಳ ಕ್ರಾಸ್ ರೋಡ್' ಅನ್ನುವುದರ ಗಿಡ್ಡ ರೂಪ ಅಂತ ನಮ್ಮ ಕ್ಲಬ್ಬಿನ ಅರ್ಧಕ್ಕರ್ಧ ಜನರಿಗೇ ಗೊತ್ತಿರಲಿಲ್ಲ.

ನದಿಯ ಲೆಕ್ಕದಲ್ಲೂ ಇದೇ ಕತೆ. ಬಂಟ್ವಾಳದಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಉಂಟು. ಗಂಗಾ, ಬ್ರಹ್ಮಪುತ್ರ, ಸಿಂಧೂ ಕಣಿವೆಗಳ ನೀರಿನ ಲೆಕ್ಕ ಗೋಪ್ಯ ವರ್ಗದ್ದು. ನೇತ್ರಾವತಿ ಯಾವ ದೇಶದ ಗಡಿಯನ್ನೂ ದಾಟದ ಕಾರಣ ಅದರ ಲೆಕ್ಕ ಮುಕ್ತ. ಆದರೆ ನಾವು ತೆರೆದ ಪುಟಗಳೆಲ್ಲ ಇಂಗ್ಲಿಷಿನವು, ಡಿಸ್ಚಾರ್ಜ್, ಕ್ಯುಮೆಕ್ಸ್, ಗೇಜ್ ಝೀರೋ. ಗೂಡಿನಬಳಿಯ ಅಜ್ಜನ ಮಟ್ಟಿಗೆ ಅದೂ ಬೀರುವಿನಲ್ಲೇ ಇದ್ದ ಹಾಗೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಮಾಹಿತಿ ಹಂಚುವಾಗ ಸ್ಥಳೀಯ ಭಾಷೆಯನ್ನು ಗಮನಿಸಬೇಕು ಅನ್ನುತ್ತದೆ. ಕಾನೂನಿನ ಬೀಗ ತೆಗೆದದ್ದು ದಿಲ್ಲಿ. ಭಾಷೆಯ ಬೀಗ ತೆಗೆಯುವುದಕ್ಕೆ ದಿಲ್ಲಿಯನ್ನು ಕಾಯಬೇಕು ಅಂತ ನಮಗೆ ಅನಿಸುವುದಿಲ್ಲ.

ಅದಕ್ಕೇ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಶುರು ಮಾಡಿದ್ದೇವೆ. ಅದು ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ಒಂದು ಊರಿಗೆ ಕನ್ನಡದ ಹೆಸರು ಬೇರೆ, ತುಳುವಿನ ಹೆಸರು ಬೇರೆ ಹಾಕಲು ಅದರಲ್ಲಿ ಜಾಗ ಉಂಟು. ಕಂಪ್ಯೂಟರ್ ಸೈನ್ಸಿನವರು ಪಟ್ಟಿ ಮಾಡುತ್ತಾರೆ, ಸಿವಿಲ್‌ನವರು ನಡೆದು ನೋಡುತ್ತಾರೆ, ತುಳು ಬರುವವರು ಉಚ್ಚಾರ ತಿದ್ದುತ್ತಾರೆ. ಹೆಸರೇ ಎಲ್ಲ ಅಂತ ನಂಬಿ ಮೋಸ ಹೋಗಬಾರದು, ಅದೂ ಹೇಳಬೇಕು. ಎಷ್ಟೋ ಬೈಲಿಗೆ ಈಗ ಮಣ್ಣು ತುಂಬಿಸಿ ಸೈಟ್ ಮಾಡಿ ಆಗಿದೆ. ಅಲ್ಲಿ ನೀರು ಹೋಗಲು ಜಾಗವಿಲ್ಲದೆ ಪಕ್ಕದ ಮಜಲಿಗೆ ಬಂದೀತು. ಆದ್ದರಿಂದ ಹೆಸರಿನ ಜತೆ ಲೆವೆಲ್ ರೀಡಿಂಗೂ ಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರು ಮುಂದಿನ ರಜೆಯಲ್ಲಿ ಮನೆಗೆ ಹೋದಾಗ ಅಜ್ಜಿಯ ಹತ್ತಿರ ಸುತ್ತಲಿನ ಗದ್ದೆಗಳ ಹೆಸರು ಕೇಳಿ ಬರೆದುಕೊಂಡು ಬನ್ನಿ. ಹಳೆಯ ನೆರೆ ಎಲ್ಲಿಯವರೆಗೆ ಬಂದಿತ್ತು ಅಂತಲೂ ಕೇಳಿ.

ಗೂಡಿನಬಳಿಯ ಅಜ್ಜ ನಮ್ಮನ್ನು ಮನೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಗೋಡೆಯ ಮೇಲೆ ಒಂದು ಗೆರೆ ತೋರಿಸಿದರು. 1974ರಲ್ಲಿ ಅವರ ತಂದೆ ಇದ್ದಿಲಿನಿಂದ ಎಳೆದು, ಆಮೇಲೆ ಮೊಳೆಯಿಂದ ಕೆತ್ತಿದ್ದು. ನಮ್ಮಲ್ಲಿ ಎತ್ತರದವನ ಎದೆಗೆ ಬಂತು. ಆ ದಿನ ಲೆವೆಲ್ ಯಂತ್ರ ತಂದಿರಲಿಲ್ಲ. ಮುಂದಿನ ತಿಂಗಳು ಮೊಮ್ಮಗಳ ಮದುವೆ ಉಂಟಂತೆ, ಅದಕ್ಕೆ ಮೊದಲು ಗೋಡೆಗೆ ಪುಟ್ಟಿ ಹಾಕಿ ಬಣ್ಣ ಹೊಡೆಯುತ್ತಾರೆ. ಈ ಶನಿವಾರ ಬೆಳಿಗ್ಗೆ 7ರ ಬಸ್ಸಿಗೆ ಹೊರಡುತ್ತೇವೆ. ಸ್ಟಾಫ್ ಹಿಡಿಯಲು ಇಬ್ಬರು ಬೇಕು.