ಸುಂಕದ ಕಟ್ಟೆಯಲ್ಲಿ ಬಂದ ಕರೆ

ವಾಕ್ಯಭಾಗ: ಮತ್ತಾಯ 9:9, ಲೂಕ 19:1-10

  

ಶಿಷ್ಯತ್ವದ ಕರೆಯ ಬಗ್ಗೆ ಈ ಹೊತ್ತು ಧ್ಯಾನ ಮಾಡೋಣ. ಕರೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಯಾರು? ಟ್ರಂಕು ಹೊತ್ತುಕೊಂಡು ಬೈಬಲ್ ಕಾಲೇಜಿಗೆ ಹೊರಟ ಯೌವನಸ್ಥ. "ಕರ್ತನ ಕರೆಗೆ ಯಾರು ಓಗೊಡ್ತೀರಿ, ಕೈ ಎತ್ರಿ" ಅಂದಾಗ ಮುಂದೆ ಕೂತ ನಾಲ್ಕು ಹುಡುಗರು ಕೈ ಎತ್ತುತ್ತಾರೆ. ಹಿಂದೆ ಗೋಡೆಗೆ ಒರಗಿ ಮಗುವನ್ನು ಮಲಗಿಸಿಕೊಂಡು ಕೂತ ಅಕ್ಕ, "ಇದು ನನಗಲ್ಲ" ಅಂದುಕೊಂಡು ತಲೆ ತಗ್ಗಿಸ್ತಾರೆ. ಗೋವಿನಜೋಳ ಬಿಸಿಲಿಗೆ ಹಾಕಿ ಬಂದ ಅಣ್ಣ, "ಮಳಿ ಬಂದೀತು" ಅಂತ ಕಿಟಕಿ ಕಡೆ ನೋಡ್ತಾರೆ. ಪ್ರಿಯರೇ, ಈ ಪಾಠ ಆ ಅಕ್ಕನಿಗೆ, ಆ ಅಣ್ಣನಿಗೆ. ಕೈ ಎತ್ತಿದ ಹುಡುಗರಿಗೂ ಇದೆ, ಆದರೆ ಅವರಿಗೆ ಆಮೇಲೆ.

ಮತ್ತಾಯ ಎಲ್ಲಿದ್ದಾಗ ಕರೆ ಬಂತು? ಸಭಾಮಂದಿರದಲ್ಲಿ ಅಲ್ಲ, ಸುಂಕದ ಕಟ್ಟೆಯಲ್ಲಿ. ಕಪೆರ್ನೌಮ್ ಕೆರೆಯ ದಂಡೆಯ ಊರು, ವ್ಯಾಪಾರದ ಸಾಮಾನು ಓಡಾಡುವ ಜಾಗ. ಹಾವೇರಿಯಿಂದ ಶಿಗ್ಗಾಂವಿಗೆ ಬರುವಾಗ ಬಂಕಾಪುರದ ಟೋಲ್ ದಾಟ್ತೀರಲ್ಲ, ಹಂಗೇ ದುಡ್ಡು ಎಣಿಸುವ ಕಟ್ಟೆ ಅಂದುಕೊಳ್ಳಿ. ಇಂದಿನ ಟೋಲಿಗೆ ರಸೀದಿ ಇದೆ, ಅಂದಿನ ಸುಂಕದವನು ಬಾಯಿಗೆ ಬಂದಷ್ಟು ಕೇಳಬಹುದಿತ್ತು. ಅಂಥ ಜಾಗಕ್ಕೆ ಹೋಗಿ ಕರ್ತನು ಅವನನ್ನು ಕರೆದನು. ಮತ್ತಾಯ ಎದ್ದನು, ಕಟ್ಟೆ ಬಿಟ್ಟನು.

ಯೆರಿಕೋವಿನ ಜಕ್ಕಾಯನೂ ಸುಂಕದವನೇ, ಅವರಿಗೆಲ್ಲ ಮುಖ್ಯಸ್ಥ. ಅವನಿಗೆ ಕರ್ತನು ಕೆಲಸ ಬಿಡು ಅಂದನಾ? ವಾಕ್ಯ ಹುಡುಕಿ ನೋಡ್ರಿ, ಇಲ್ಲ. ಮರ ಇಳಿ, ನಿನ್ನ ಮನೆಗೆ ಬರ್ತೀನಿ ಅಂದನು ಅಷ್ಟೇ. ಸ್ನಾನಿಕನಾದ ಯೋಹಾನನ ಹತ್ತಿರ ಸುಂಕದವರು ಬಂದು ನಾವೇನು ಮಾಡಬೇಕು ಅಂತ ಕೇಳಿದಾಗಲೂ (ಲೂಕ 3:12-14), ಅವನು ಕೆಲಸ ಬಿಡಿ ಅನ್ನಲಿಲ್ಲ, ನೇಮಕವಾದದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಅಂದನು. ಮತ್ತಾಯನಂತೆ ಕಟ್ಟೆ ಬಿಟ್ಟು ಹೋಗುವ ಕರೆ ಕೆಲವರಿಗೆ ಉಂಟು, ಅದಕ್ಕೆ ಸ್ತೋತ್ರ. ನಮ್ಮ ಸಭೆಗಳಲ್ಲಿ ಹೆಚ್ಚಿನವರಿಗೆ ಬಂದಿರುವುದು ಜಕ್ಕಾಯನ ಕರೆ. ಕಟ್ಟೆ ಅದೇ, ಗಿರಾಕಿ ಅದೇ, ಆದರೆ ಲೆಕ್ಕದ ಪುಸ್ತಕ ಮಾತ್ರ ಹೊಸದು. ನನ್ನನ್ನು ಕೇಳಿದರೆ ಇದೇ ಕಷ್ಟದ್ದು. ಊರು ಬಿಟ್ಟು ಹೋದವನನ್ನು ಊರು ಮರೆಯುತ್ತದೆ. ಅಲ್ಲೇ ಉಳಿದವನನ್ನು ದಿನಾ ನೋಡುತ್ತದೆ.

ಈಗ ಜಕ್ಕಾಯನ ಲೆಕ್ಕ ನೋಡೋಣ. ಮೋಶೆಯ ನಿಯಮದಲ್ಲಿ ತಪ್ಪನ್ನು ತಾನೇ ಒಪ್ಪಿಕೊಂಡವನು ಅಸಲಿಗೆ ಐದರಲ್ಲಿ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕಿತ್ತು (ಅರಣ್ಯಕಾಂಡ 5:7). ಕುರಿ ಕದ್ದು ಕೊಯ್ದವನಿಗೋ ಮಾರಿದವನಿಗೋ ಒಂದಕ್ಕೆ ನಾಲ್ಕು ದಂಡ (ವಿಮೋಚನಕಾಂಡ 22:1). ಜಕ್ಕಾಯನನ್ನು ಯಾರೂ ಹಿಡಿದಿರಲಿಲ್ಲ, ಆದರೂ ಕಳ್ಳನ ದಂಡವನ್ನು ತನಗೆ ತಾನೇ ಹಾಕಿಕೊಂಡನು. ಗಮನಿಸಿರಿ, ಕರ್ತನು ಹಣದ ಮಾತೇ ಎತ್ತಿರಲಿಲ್ಲ. ಯೇಸು ಮನೆಯೊಳಗೆ ಬಂದ ಕೂಡಲೇ ಇವನ ಬಾಯಿಂದ ಲೆಕ್ಕ ಹೊರಗೆ ಬಂತು. ಈ ಮನೆಗೆ ರಕ್ಷಣೆಯಾಯಿತು ಅಂತ ಕರ್ತನು ಹೇಳಿದ್ದು ಅದಾದ ಮೇಲೆ.

ನಮ್ಮ ಕಟ್ಟೆಗಳು ಯಾವವು? ಸವಣೂರಿನಲ್ಲಿ ಎಲಿಬಳ್ಳಿ ತೋಟ ಇರುವವರಿಗೆ ಗೊತ್ತು, ವೀಳ್ಯದೆಲೆಯ ಕಟ್ಟಿನಲ್ಲಿ ಮೇಲೆ ಒಳ್ಳೇ ಎಲೆ, ಒಳಗೆ ಹರಿದದ್ದು ಇಡಬಹುದು. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಒಯ್ಯುವವರಿಗೆ ಗೊತ್ತು, ಹಿಂದಿನ ರಾತ್ರಿ ನೀರು ಹೊಡೆದರೆ ತೂಕ ಏರುತ್ತದೆ. ದಲಾಲಿ ಅಂಗಡಿಯಲ್ಲಿ ಕೂತವರಿಗೆ ಗೊತ್ತು, ಸೂಟು ಅಂತ ರೈತನ ಚೀಲದಿಂದ ಎಷ್ಟು ಕಳೆಯುತ್ತಾರೆ ಅಂತ. "ಎಲ್ಲರೂ ಮಾಡ್ತಾರ ಪಾಸ್ಟರ್" ಅಂತೀರಿ. ಹೌದು, ಎಲ್ಲರೂ ಮಾಡ್ತಾರೆ. ಯೆರಿಕೋವಿನಲ್ಲೂ ಎಲ್ಲರೂ ಮಾಡುತ್ತಿದ್ದರು.

ಕೂಲಿಯ ವಿಷಯಕ್ಕೆ ಒಂದು ಮಾತು. ಕಳೆ ತೆಗೆಯೋಕೆ ಬಂದ ಹೆಣ್ಣಾಳಿಗೆ "ಸಂತಿ ದಿನ ಬಾ, ಕೊಡ್ತೀನಿ" ಅಂತ ಹೇಳಿ ಕಳಿಸ್ತೀರಲ್ಲ, ಧರ್ಮೋಪದೇಶಕಾಂಡ 24:15 ಓದಿಕೊಳ್ರಿ. ಹೊತ್ತು ಮುಳುಗುವುದರೊಳಗೆ ಕೊಡಬೇಕು ಅಂತಿದೆ, ಯಾಕಂದರೆ ಅವಳು ಬಡವಳು, ಅದರ ಮೇಲೇ ಅವಳ ಜೀವ. ಆ ರಾತ್ರಿ ಅವಳ ಮನೆಯಲ್ಲಿ ಒಲೆ ಉರಿಯಬೇಕು. ನೀವು ಆ ರಾತ್ರಿ ಉಪವಾಸ ಪ್ರಾರ್ಥನೆಯಲ್ಲಿ ಇದ್ದರೆ, ಅವಳೂ ಉಪವಾಸ ಇದ್ದಾಳೆ, ಆದರೆ ನಿಮ್ಮ ದೆಸೆಯಿಂದ.

ಇಲ್ಲಿ ಕೆಲವರು ಕೇಳಬಹುದು: ನಾವು ಆತ್ಮನ ಅಭಿಷೇಕ ಹೊಂದಿದ ಸಭೆ, ತಕ್ಕಡಿ ಕೂಲಿ ಅಂತ ಯಾಕೆ ಮಾತಾಡಬೇಕು? ಒಳ್ಳೇ ಪ್ರಶ್ನೆ. ನಮ್ಮ ದೇಶದ ಪೆಂತೆಕೋಸ್ತಿನ ಚರಿತ್ರೆಯನ್ನೇ ತೆಗೆಯೋಣ. ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಕರ್ನಾಟಕದ ಪಶ್ಚಿಮ ಘಟ್ಟದಲ್ಲಿ, ಗಂಗಾಮೂಲದ ಕಾಡಿನಲ್ಲಿ. ಬರಗಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡು ಅಲೆದ ಆ ತಾಯಿ, ಮುಂದೆ ಪುಣೆ ಹತ್ತಿರದ ಕೇಡಗಾಂವದಲ್ಲಿ ಮುಕ್ತಿ ಮಿಷನ್ ನಡೆಸಿದರು. ವಿಧವೆಯರು, ಬರದಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳು ಅಲ್ಲಿದ್ದರು. 1905ರ ಆರಂಭದಲ್ಲಿ ಸುಮಾರು 70 ಮಂದಿಯ ಪ್ರಾರ್ಥನಾ ಗುಂಪು ಶುರುವಾಗಿ, ಜೂನ್ ಹೊತ್ತಿಗೆ ನೂರಾರು ಮಂದಿ ದಿನಕ್ಕೆ ಎರಡು ಸಲ ಕೂಡುತ್ತಿದ್ದರು. ಆ ತಿಂಗಳ ಕೊನೆಯಲ್ಲಿ ಆತ್ಮನು ಇಳಿದಾಗ ಒಬ್ಬ ಹುಡುಗಿ ಬೆಂಕಿ ಹೊತ್ತಿದಂತೆ ಕಂಡಳಂತೆ. ಪಕ್ಕದವಳು ಹೌಹಾರಿ ಬಕೆಟ್ ನೀರು ತರಲು ಓಡಿದಳಂತೆ. ಹಲ್ಲೆಲೂಯಾ! ಈ ಸಾಕ್ಷಿಯನ್ನು ನಾವು ಸಂತೋಷದಿಂದ ಹೇಳ್ತೀವಿ.

ಆದರೆ ಉಳಿದರ್ಧವನ್ನು ಬಿಟ್ಟುಬಿಡ್ತೀವಿ. ಆ ಹುಡುಗಿಯರು ಅತ್ತು ಪಾಪ ಅರಿಕೆ ಮಾಡಿದರು. ಅದೇ ಮುಕ್ತಿಯಲ್ಲಿ ಮಗ್ಗ ನಡೆಯುತ್ತಿತ್ತು, ಹೊಲ ಇತ್ತು, ಮುದ್ರಣಾಲಯ ಇತ್ತು. ರಮಾಬಾಯಿ ಇಬ್ರಿಯ, ಗ್ರೀಕ್ ಮೂಲದಿಂದ ಮರಾಠಿಗೆ ಮಾಡಿದ ಬೈಬಲನ್ನು ಅಚ್ಚು ಜೋಡಿಸಿದ್ದು ಅಲ್ಲಿನ ಹೆಣ್ಣುಮಕ್ಕಳೇ. 1922ರಲ್ಲಿ ಕರ್ತನ ಬಳಿಗೆ ಹೋಗುವ ತನಕ ಆ ತಾಯಿ ಆ ಕೆಲಸ ಬಿಡಲಿಲ್ಲ. ಬೆಂಕಿ ಇಳಿದ ಕೈಗಳೇ ಮಗ್ಗದ ಮೇಲೆ, ಅಚ್ಚಿನ ಮೊಳೆಯ ಮೇಲೆ ಇದ್ದವು.

ಈಗ ಮುಖ್ಯವಾದ ಮಾತಿಗೆ ಬರ್ತೀನಿ. ಸಂಘದ ಸಾಲ. ನಗಬೇಡ್ರಿ, ಅರ್ಧ ಸಭೆಗೆ ಗೊತ್ತಿರುವ ವಿಷಯ. ಸಾಲದ ಬಗ್ಗೆ ಅಬಲೂರು, ಮಾಸೂರು ಕಡೆಯ ನಮ್ಮ ಸರ್ವಜ್ಞ ಹೇಳಿದ್ದು ನಿಮ್ಮ ಅಜ್ಜಿಗೂ ಬಾಯಿಪಾಠ, ನಾನು ಹೇಳಬೇಕಿಲ್ಲ. 2025ರ ಜನವರಿಯಲ್ಲಿ ನಮ್ಮ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮೈಕ್ರೋ ಫೈನಾನ್ಸ್ ಕಿರುಕುಳ ತಾಳಲಾರದೆ ಮಾಂಗಲ್ಯದ ಸರವನ್ನೇ ಅಂಚೆಯಲ್ಲಿ ಮುಖ್ಯಮಂತ್ರಿಗಳಿಗೆ ಕಳಿಸಿದರು. ಮರುತಿಂಗಳೇ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ಆದ್ದರಿಂದ ಮನೆಬಾಗಿಲಲ್ಲಿ ಕೂತು ಯಾರಾದರೂ ಅವಮಾನ ಮಾಡಿದರೆ ಸುಮ್ಮನೆ ಸಹಿಸುವುದು ಶಿಷ್ಯತ್ವ ಅಲ್ಲ. ಪೊಲೀಸರಿಗೆ ತಿಳಿಸ್ರಿ, ಸಭೆಗೂ ತಿಳಿಸ್ರಿ. ಯಾರೂ ಒಂಟಿಯಾಗಿ ಕೂತು ಜೀವಕ್ಕೆ ಅಪಾಯ ಮಾಡಿಕೊಳ್ಳುವ ಯೋಚನೆ ಮಾಡಬಾರದು. ರಾತ್ರಿ ಎರಡು ಗಂಟೆಗೂ ಫೋನ್ ಮಾಡ್ರಿ.

ಅದು ಒಂದು ಕಡೆ. ಇನ್ನೊಂದು ಕಡೆ ನಮ್ಮ ನಡುವೆ ಇದೆ. "ಅಕ್ಕಾ, ನಿಮ್ಮ ಹೆಸರಿನ್ಯಾಗ ಒಂದು ಸಾಲ ತೆಗೆದು ಕೊಡ್ರಿ, ಕಂತು ನಾ ಕಟ್ತೀನಿ, ನಾವು ಒಂದೇ ಸಭೆಯವರಲ್ಲೇನು?" ಈ ಮಾತು ಕೇಳಿದ್ದೀರಾ? ಮೂರು ವಾರ ಕಂತು ಬರುತ್ತದೆ, ನಾಲ್ಕನೇ ವಾರ ಫೋನು ಸ್ವಿಚ್ ಆಫ್. ಗುಂಪಿನ ಉಳಿದ ಹೆಣ್ಣುಮಕ್ಕಳು ಕೂಲಿಯ ದುಡ್ಡು ಒಟ್ಟು ಮಾಡಿ ಕಟ್ಟಬೇಕು. ಕೈ ಎತ್ತಿ ಸ್ತುತಿಸುವ ಪರಿಚಯವನ್ನು ಸಾಲಕ್ಕೆ ಜಾಮೀನು ಮಾಡಿಕೊಂಡವರು ಜಕ್ಕಾಯನಿಗಿಂತ ಕಠಿಣ ಕೆಲಸ ಮಾಡಿದ್ದಾರೆ. ಅವನು ಸುಂಕದ ಹೆಸರಲ್ಲಿ ಕಿತ್ತನು, ಇವರು ಕರ್ತನ ಹೆಸರಲ್ಲಿ.

"ಪ್ರಾರ್ಥನೆ ಮಾಡ್ರಿ ಪಾಸ್ಟರ್, ಸಾಲ ಮನ್ನಾ ಆಗಲಿ" ಅಂತಾರೆ. ಎರಡನೇ ಅರಸುಗಳು 4ರಲ್ಲಿ ಪ್ರವಾದಿಯ ಶಿಷ್ಯನ ವಿಧವೆ ಎಲೀಷನ ಹತ್ತಿರ ಬಂದದ್ದು ಸಾಲದ ವಿಷಯಕ್ಕೇ. ಸಾಲಗಾರ ಇಬ್ಬರು ಮಕ್ಕಳನ್ನು ಜೀತಕ್ಕೆ ಒಯ್ಯಲು ಬಂದಿದ್ದ. ಎಲೀಷನು ಮೊದಲು ಕೇಳಿದ್ದು ಮನೆಯಲ್ಲಿ ಏನಿದೆ ಅಂತ. ಒಂದು ಮೊಗೆ ಎಣ್ಣೆ ಇತ್ತು. ನೆರೆಯವರಿಂದ ಪಾತ್ರೆ ತರಿಸಿದ. ಅದ್ಭುತ ಆಯಿತು, ಪಾತ್ರೆಗಳೆಲ್ಲ ತುಂಬಿದವು. ಆಮೇಲೆ? ಎಣ್ಣೆ ಮಾರು, ಸಾಲ ತೀರಿಸು, ಉಳಿದದ್ದರಲ್ಲಿ ಬದುಕು ಅಂದ. ದೇವರು ಮಾಡಿದ ಅದ್ಭುತದ ಹಣ ಮೊದಲು ಹೋದದ್ದು ಸಾಲ ಕೊಟ್ಟವನಿಗೆ. ನೆರೆಯವರ ಪಾತ್ರೆಗಳನ್ನೂ ಮರೆಯಬೇಡಿ. ಅವು ಬರದಿದ್ದರೆ ಎಣ್ಣೆ ಎಲ್ಲಿ ನಿಲ್ಲುತ್ತಿತ್ತು? ಇದು ಸಭೆಗೆ ಸಂಬಂಧಪಟ್ಟದ್ದು. ಒಬ್ಬ ಸಹೋದರಿಯ ನಾಲ್ಕು ಕಂತನ್ನು ಹತ್ತು ಮನೆ ಸೇರಿ ಕಟ್ಟಬಹುದು, ಅಥವಾ ಅವಳ ಹಾಲನ್ನು, ಅವಳು ಹೊಲಿದ ಕುಪ್ಪಸವನ್ನು ನಾವೇ ಕೊಂಡುಕೊಳ್ಳಬಹುದು, ಉದ್ರಿ ಹೇಳದೆ.

ಕಾಣಿಕೆಯ ಬಗ್ಗೆಯೂ ಹೇಳಿಬಿಡ್ತೀನಿ, ಯಾಕಂದರೆ ಇದನ್ನು ಪಾಸ್ಟರ್ ಆದವನೇ ಹೇಳಬೇಕು. ಸಾಲ ತಂದು ಕಾಣಿಕೆ ಹಾಕಬೇಡ್ರಿ. ಇರುವುದಕ್ಕೆ ತಕ್ಕಂತೆ ಕೊಟ್ಟರೆ ಮೆಚ್ಚಿಗೆ ಅಂತ ಪೌಲನು 2 ಕೊರಿಂಥ 8:12ರಲ್ಲಿ ಬರೆದಿದ್ದಾನೆ. ಕಾಣಿಕೆ ಹಾಕಿದರೆ ಸಾಲ ತಾನೇ ತೀರುತ್ತದೆ ಅಂತ ಯಾರಾದರೂ ಹೇಳಿದರೆ, ಅವರ ಕೂಟಕ್ಕೆ ಹೋಗುವ ಬಸ್ ಚಾರ್ಜ್ ಉಳಿಸಿ ಕಂತಿಗೆ ಸೇರಿಸ್ರಿ.

ಈಗ ಎಲ್ಲರೂ ಎದ್ದು ನಿಲ್ಲೋಣ. ಕೀಬೋರ್ಡ್ ಬೇಡ, ಹಾಡು ಬೇಡ. ಎರಡು ನಿಮಿಷ ಕಣ್ಣು ಮುಚ್ಚಿ ಆತ್ಮನನ್ನು ಕೇಳ್ರಿ, ಯಾರ ಲೆಕ್ಕ ನನ್ನ ಹತ್ತಿರ ಉಳಿದಿದೆ ಅಂತ. ಒಬ್ಬ ಆಳಿನ ಹೆಸರು ಬರಬಹುದು, ತಮ್ಮನ ಹೆಸರು ಬರಬಹುದು, ನಿಮ್ಮ ಮಾತು ನಂಬಿ ಸಹಿ ಹಾಕಿದ ಅಕ್ಕನ ಹೆಸರು ಬರಬಹುದು. ಬಂದ ಹೆಸರನ್ನು ಫೋನಿನಲ್ಲಿ ಬರೆದುಕೊಳ್ರಿ, ಪಕ್ಕದಲ್ಲಿ ಮೊತ್ತವನ್ನೂ ಬರೀರಿ. ಪೂರ್ತಿ ಕೊಡಲು ಇವತ್ತು ಆಗದಿದ್ದರೆ ಮೊದಲ ಕಂತು ಎಷ್ಟು, ಯಾವ ದಿನ ಅಂತ ಬರೀರಿ. ಮಂಗಳವಾರ ಮನೆಕೂಟ ಇದೆ. ಅಷ್ಟರೊಳಗೆ ಅವರ ಮನೆಗೆ ಹೋಗಿ ಬಂದು, ಆಮೇಲೆ ಕೂಟಕ್ಕೆ ಬನ್ರಿ.