ನಡಿಗಡ್ಡದ ಓದು

ಮಕ್ತಲ್ ಕಡೆಯಿಂದ ಹೊಳೆ ದಾಟಿ ದತ್ತಕ್ಷೇತ್ರ ಕುರುವಪುರದ ನಡುಗಡ್ಡೆಗೆ ಹೋಗಿಬರುವವರು ಗುರುಚರಿತ್ರೆ ಓದಿರುತ್ತಾರೆ. ಓದಲಿ, ಆದರೆ ಅದು ಭಕ್ತಿಯ ಗ್ರಂಥ, ಸೀಮೆಯ ಇತಿಹಾಸವಲ್ಲ. ಕೃಷ್ಣಾ-ತುಂಗಭದ್ರೆಯರ ನಡುವಿನ ಗದ್ವಾಲ ಸೀಮೆ, ಅಂದರೆ ನಡಿಗಡ್ಡ, ತಿಳಿಯಬೇಕೆನ್ನುವವರು ಬೆಂಜಮಿನ್ ಕೋಹೆನ್ ಅವರ ‘ಕಿಂಗ್‌ಶಿಪ್ ಅಂಡ್ ಕಲೋನಿಯಲಿಸಂ ಇನ್ ಇಂಡಿಯಾಸ್ ಡೆಕ್ಕನ್’ (2007) ಹಿಡಿಯಿರಿ. ಗದ್ವಾಲ, ವನಪರ್ತಿಯಂಥ ಸಂಸ್ಥಾನಗಳು ನಿಜಾಮನ ಕೈಕೆಳಗಿದ್ದೂ ತಮ್ಮ ದರ್ಬಾರು ಹೇಗೆ ಉಳಿಸಿಕೊಂಡವು ಎಂಬುದು ಅದರಲ್ಲಿದೆ. ಇಂಗ್ಲಿಷು ಕೊಂಚ ಬಿಗಿ, ಅವಸರ ಬೇಡ.

ಇದೇ ಎರಡು ಹೊಳೆಗಳ ನಡುವಿನ 1520ರ ರಾಯಚೂರು ಕಾಳಗಕ್ಕೆ ರಾಬರ್ಟ್ ಸಿವೆಲ್‌ನ ವಿಜಯನಗರ ಗ್ರಂಥ (1900) ಇದೆ. ಅದರೊಳಗಿನ ಪೋರ್ಚುಗೀಸ್ ಬರಹಗಾರ ನ್ಯೂನಿಜ್‌ನ ವರ್ಣನೆ ರೋಚಕ. ಸೈನ್ಯದ ಲೆಕ್ಕವನ್ನು ಮಾತ್ರ ಪೂರಾ ನಂಬಬೇಡಿ. ಇನ್ನೂ ಹಿಂದಿನದು ಬೇಕೆಂದರೆ, ಗದ್ವಾಲದಲ್ಲಿ ಸಿಕ್ಕ ಚಾಲುಕ್ಯ ಒಂದನೇ ವಿಕ್ರಮಾದಿತ್ಯನ 674ರ ತಾಮ್ರಪಟ ‘ಎಪಿಗ್ರಾಫಿಯಾ ಇಂಡಿಕಾ’ದ 10ನೇ ಸಂಪುಟದಲ್ಲಿದೆ. ನಾರಾಯಣಪೇಟೆಯ ಕನ್ನಡ ಮೇಷ್ಟ್ರುಗಳೇ, ಇವುಗಳಲ್ಲಿ ಒಂದನ್ನಾದರೂ ಮಕ್ಕಳಿಗೆ ಕನ್ನಡದಲ್ಲಿ ಹೇಳಿ.